ತಲಪಾಡಿ ಮುಚ್ಚಿದಾಗ ನಮ್ಮ ವಾರ್ಡಿನಲ್ಲಿ ಬರೆದ ಅರ್ಜಿ: ಒಂದು ಪ್ರಕರಣ ಅಧ್ಯಯನ

2020ರ ಮಾರ್ಚ್ ಕೊನೆ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ ಕರ್ನಾಟಕದ ಗಡಿಗೆ ತಾಗಿದ ಒಂದು ವಾರ್ಡು. ಅಲ್ಲಿ ಜಾಗ್ರತಾ ಸಮಿತಿ ಅಂತ ಒಂದಿತ್ತು, ವಾರ್ಡ್ ಮೆಂಬರ್, ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಅನ್ನುವ ಕೇರಳದ ಹೆಂಗಸರ ಸ್ವಸಹಾಯ ಸಂಘದವರು, ಅಂಗನವಾಡಿ ಟೀಚರ್, ಮತ್ತೆ ನಮ್ಮಂಥ ಊರಿನ ಕೆಲವು ಜನ. ಸರ್ಕಾರ ಹೇಳಿದ್ದನ್ನ ಮನೆಮನೆಗೆ ಮುಟ್ಟಿಸೋದು, ಗಲ್ಫಿನಿಂದ ಬಂದವರು ರೂಮಿನೊಳಗೇ ಇದ್ದಾರಾ ನೋಡೋದು, ಅವರ ಮನೆಗೆ ಅಕ್ಕಿ ಮದ್ದು ತಲುಪಿಸೋದು ನಮ್ಮ ಕೆಲಸ. ಅದೇ ಹೊತ್ತಿಗೆ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಮಂಗಳೂರಿಗೆ ಡಯಾಲಿಸಿಸಿಗೆ ಹೋಗ್ತಿದ್ದ ವಾರ್ಡಿನ ಒಬ್ಬರು ಮನೆಯಲ್ಲಿ ಬಾಕಿ ಆದ್ರು. ಸರ್ಕಾರದ ಮಾತನ್ನ ಜನಕ್ಕೆ ಒಪ್ಪಿಸುವ ಸಮಿತಿಯೇ ಸರ್ಕಾರವನ್ನ ಪ್ರಶ್ನೆ ಮಾಡಿ ಅರ್ಜಿ ಬರೀಬಹುದಾ, ಬರೆದ್ರೆ ಯಾವ ಸರ್ಕಾರಕ್ಕೆ, ಈಗ್ಲೇ ಬರೀಬೇಕಾ ಅಥ್ವಾ ರೋಗ ಇಳಿದ ಮೇಲಾ. ಇದೇ ಪ್ರಕರಣ.

ಹಿನ್ನೆಲೆ ಸ್ವಲ್ಪ ಹೇಳ್ಲೇಬೇಕು, ಇಲ್ಲದಿದ್ರೆ ಬೆಂಗಳೂರು ಕಡೆಯವರಿಗೆ ನಮ್ಮ ಕಷ್ಟ ಅರ್ಥ ಆಗ್ಲಿಕ್ಕಿಲ್ಲ. ದೇಶದ ಮೊದಲ ಕೊರೊನಾ ಕೇಸು 2020ರ ಜನವರಿ 30ಕ್ಕೆ ತೃಶ್ಶೂರಿನಲ್ಲಿ ಗೊತ್ತಾದದ್ದು, ಮೂರನೇದು ಫೆಬ್ರವರಿ 3ಕ್ಕೆ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ, ವುಹಾನಿನಿಂದ ಬಂದ ವಿದ್ಯಾರ್ಥಿ, ಅದು ಅಲ್ಲಿಗೇ ನಿಂತಿತು. ಮಾರ್ಚಿನಲ್ಲಿ ಬಂದದ್ದು ಬೇರೆ ಅಲೆ. ಕಾಸರಗೋಡಿನಲ್ಲಿ ದುಬೈ, ಶಾರ್ಜಾ ಅಂದ್ರೆ ದೂರದ ಊರಲ್ಲ, ಎಷ್ಟೋ ಮನೆಯವರ ಊಟದ ದಾರಿಯೇ ಅದು. ಅವರೆಲ್ಲ ಒಟ್ಟಿಗೆ ಊರಿಗೆ ಬಂದ್ರು, ಮಾರ್ಚ್ ಕೊನೆಗೆ ಇಡೀ ಕೇರಳದಲ್ಲಿ ನಮ್ಮ ಜಿಲ್ಲೆಯಲ್ಲೇ ಕೇಸು ಜಾಸ್ತಿ ಆಯ್ತು. ಮಾರ್ಚ್ 23ಕ್ಕೆ ಕೇರಳ ರಾಜ್ಯ ಪೂರ್ತಿ ಲಾಕ್‌ಡೌನ್ ಘೋಷಣೆ ಮಾಡಿತು, ಮರುದಿನ ದೇಶಕ್ಕೇ ಘೋಷಣೆ ಆಯ್ತು.

ಇನ್ನು ಆಸ್ಪತ್ರೆ ವಿಷಯ. 1956ರ ನವೆಂಬರ್ 1ಕ್ಕೆ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು, 1984ರಲ್ಲಿ ಪ್ರತ್ಯೇಕ ಜಿಲ್ಲೆ ಆಯ್ತು, ಆದ್ರೆ ದೊಡ್ಡ ಕಾಯಿಲೆಗೆ ಹೋಗುವ ದಾರಿ ಮಾತ್ರ ಬದಲಾಗ್ಲಿಲ್ಲ, ಹೆರಿಗೆ ಕಷ್ಟ ಆದ್ರೆ ಮಂಗಳೂರು, ಹಾರ್ಟ್ ಆದ್ರೆ ಮಂಗಳೂರು, ಕಿಡ್ನಿ ಆದ್ರೂ ಮಂಗಳೂರು. ಕನ್ನಡ, ತುಳು ಮಾತಾಡುವವರು ಮಾತ್ರ ಅಲ್ಲ, ಮಲಯಾಳಿಗಳೂ ಬ್ಯಾರಿಗಳೂ ಹೋಗೋದು ಅಲ್ಲಿಗೇ. ಹೊಸಂಗಡಿಯಿಂದ ದೇರಳಕಟ್ಟೆಗೋ ಮಂಗಳೂರಿಗೋ ಹೋಗ್ಲಿಕ್ಕೆ ಅರ್ಧ ಮುಕ್ಕಾಲು ಗಂಟೆ, ಅದೇ ಕೇರಳದೊಳಗಿನ ಮೆಡಿಕಲ್ ಕಾಲೇಜಿಗೆ ಅಂದ್ರೆ ಕಣ್ಣೂರು ಜಿಲ್ಲೆಯ ಪರಿಯಾರಕ್ಕೆ, ಸುಮಾರು ನೂರು ಕಿಲೋಮೀಟರ್.

ಗಡಿ ಮುಚ್ಚುವಾಗ ತಲಪಾಡಿ ಹೆದ್ದಾರಿಯಲ್ಲಿ ಬ್ಯಾರಿಕೇಡ್ ಹಾಕಿದ್ರು, ಒಳದಾರಿಗಳಲ್ಲಿ ಲೋಡುಗಟ್ಟಲೆ ಮಣ್ಣು ಸುರಿದ್ರು, ಕಣ್ಣೂರು ಬದಿಯಿಂದ ಕೊಡಗಿಗೆ ಹೋಗುವ ಮಾಕುಟ್ಟ ರಸ್ತೆಯಲ್ಲೂ ಹಾಗೇ. ಆಂಬುಲೆನ್ಸನ್ನೂ ಬಿಡ್ಲಿಲ್ಲ. ತಲಪಾಡಿಯಲ್ಲಿ ತಡೆದು ವಾಪಸ್ ಕಳಿಸಿದ ಮೇಲೆ ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವು ರೋಗಿಗಳು ತೀರಿಹೋದ್ರು, ಒಬ್ಬಳು ಹೆಂಗಸಿಗೆ ಆಂಬುಲೆನ್ಸಿನಲ್ಲೇ ಹೆರಿಗೆ ಆಯ್ತು. ಇದೆಲ್ಲ ಆ ದಿನಗಳ ಪತ್ರಿಕೆಗಳಲ್ಲಿ ಬಂದ ವಿಷಯ.

ನಮ್ಮ ವಾರ್ಡಿನವರು ಐವತ್ತು ದಾಟಿದ ಒಬ್ಬ ಅಣ್ಣ, ಮೊದಲು ಟೈಲರಿಂಗ್ ಮಾಡ್ತಿದ್ದವರು. ಡಯಾಲಿಸಿಸ್ ಅಂದ್ರೆ ಮುಂದೂಡುವ ಚಿಕಿತ್ಸೆ ಅಲ್ಲ, ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ತಪ್ಪಿದ್ರೆ ನೀರು ಶ್ವಾಸಕೋಶದಲ್ಲಿ ತುಂಬ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಪಾಯ ಉಂಟು. ಒಂದು ಸಲ ತಪ್ಪಿತು. ಎರಡನೇದು ತಪ್ಪುವ ಹೊತ್ತಿಗೆ ಅವರ ಕಾಲು ಮುಖ ಎಲ್ಲ ಬಾತುಕೊಂಡಿತ್ತು, ಮಲಗಿದ್ರೆ ಉಸಿರು ಕಟ್ತದೆ ಅಂತ ರಾತ್ರಿಯೆಲ್ಲ ಕೂತೇ ಇದ್ರಂತೆ. ಅವರ ಹೆಂಡತಿ ಆಶಾ ಅಕ್ಕನಿಗೆ ಫೋನ್ ಮಾಡಿ ಕೇಳಿದ್ದು ಒಂದೇ, "ಅಕ್ಕಾ, ನೀವು ದಿನಾ ಬಂದು ಮನೆಯಲ್ಲೇ ಇರಿ ಹೇಳ್ತೀರಿ, ನಾವು ಇದ್ದೇವೆ, ಈಗ ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅದನ್ನೂ ಹೇಳಿ." ಆಶಾ ಅಕ್ಕನ ಹತ್ರ ಉತ್ತರ ಇರ್ಲಿಲ್ಲ, ಇರುವ ಹಾಗೆಯೂ ಇರ್ಲಿಲ್ಲ, ಅವರು ಸಮಿತಿಯ ಎಲ್ಲರಿಗೂ ಕಾನ್ಫರೆನ್ಸ್ ಕಾಲ್ ಹಾಕಿದ್ರು.

ಆ ಕಾಲಿನಲ್ಲಿ ಮೂರು ರೀತಿಯ ಮಾತು ಬಂತು, ಮೂರನ್ನೂ ಹೇಳಿದವರು ಒಳ್ಳೆ ಮನಸ್ಸಿನವರೇ.

ಮೊದಲನೇದು, ಈಗ ಬೇಡ. "ಮಾಷ್ಟ್ರೇ, ಈಗ ಸರ್ಕಾರವನ್ನ ದೂರಿ ಬರೆದ್ರೆ ಜನ ನಮ್ಮ ಮಾತು ಕೇಳ್ತಾರಾ, ನಾಳೆ ಕ್ವಾರಂಟೈನಿನಲ್ಲಿ ಇರಿ ಹೇಳ್ಲಿಕ್ಕೆ ಹೋದ್ರೆ ನಿಮ್ಮ ಸರ್ಕಾರವೇ ಸರಿ ಇಲ್ವಲ್ಲ ಅಂತಾರೆ." ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ವಿದೇಶದಿಂದ ಬಂದವರಿಗೆ ಆಗ ಕೇರಳದಲ್ಲಿ 28 ದಿನದ ಕ್ವಾರಂಟೈನ್ ಇತ್ತು, ಇಪ್ಪತ್ತೆಂಟು ದಿನ ಒಬ್ಬ ಹುಡುಗನನ್ನ ಒಂದು ರೂಮಿನಲ್ಲಿ ಇರಿಸೋದು ಬರೀ ಪೊಲೀಸ್ ಹೆದರಿಕೆಯಿಂದ ಆಗೋದಿಲ್ಲ, ಹೇಳುವವರ ಮೇಲೆ ನಂಬಿಕೆ ಬೇಕು.

ಎರಡನೇದು, ಬರೆಯೋದಾದ್ರೆ ಕರ್ನಾಟಕಕ್ಕೆ ಬರೀವ, ಕೇರಳ ಪಾಪ ಮಾಡ್ತಾ ಉಂಟಲ್ಲ, ಕಿಟ್ ಕೊಡ್ತದೆ, ಕಮ್ಯುನಿಟಿ ಕಿಚನ್ ನಡೆಸ್ತದೆ, ಪೆನ್ಶನ್ ಕೊಡ್ತದೆ, ದಿಶಾ ಅನ್ನುವ ಆರೋಗ್ಯ ಸಹಾಯವಾಣಿಯ 1056 ನಂಬರಿಗೆ ಮಾಡಿದ್ರೆ ಎತ್ತಿ ಮಾತಾಡ್ತಾರೆ.

ಮೂರನೇದು ಅದಕ್ಕೆ ಪೂರ್ತಿ ಉಲ್ಟಾ. ಅರುವತ್ತು ವರ್ಷಕ್ಕಿಂತ ಹೆಚ್ಚಾಯ್ತು ಕೇರಳಕ್ಕೆ ಸೇರಿ, ಒಂದು ಸರಿಯಾದ ದೊಡ್ಡಾಸ್ಪತ್ರೆ ಕೊಡ್ಲಿಲ್ಲ, ತಪ್ಪು ಕೇರಳದ್ದು, ಕರ್ನಾಟಕ ಅದರ ಜನರನ್ನ ಕಾಪಾಡಿಕೊಳ್ತದೆ, ಕನ್ನಡದವರಾಗಿ ನಾವು ಕರ್ನಾಟಕವನ್ನೇ ದೂರೋದು ಚಂದ ಅಲ್ಲ. ಗಡಿನಾಡಿನವರಿಗೆ ಈ ಮೂರನೇ ಮಾತು ಒಳಗೇ ತಾಗ್ತದೆ, ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೋರಾಡಿದವರ ಮಕ್ಕಳು ಮೊಮ್ಮಕ್ಕಳು ನಾವು. ಅದೇ ಕರ್ನಾಟಕ ಮಣ್ಣು ಹಾಕಿ ದಾರಿ ಮುಚ್ಚಿದಾಗ ನಮ್ಮಲ್ಲಿ ಕೆಲವರಿಗೆ ಅದನ್ನ ತಪ್ಪು ಅಂತ ಬಾಯಿಬಿಟ್ಟು ಹೇಳ್ಲಿಕ್ಕೇ ಆಗ್ಲಿಲ್ಲ.

ಆಗ ಒಬ್ಬರು, ಎಣ್ಮಕಜೆ ಬದಿಯಿಂದ ಮದುವೆಯಾಗಿ ಬಂದ ಕುಟುಂಬಶ್ರೀಯ ಅಕ್ಕ, ಅಷ್ಟು ಹೊತ್ತು ಸುಮ್ಮನಿದ್ದವರು, ಎಂಡೋಸಲ್ಫಾನಿನ ಸುದ್ದಿ ತೆಗೆದ್ರು. ಆಮೇಲೆ ಮಾತಿನ ದಿಕ್ಕೇ ಬದಲಾಯ್ತು.

ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿತು, ಅದು ನಿಂತದ್ದು 2000ದ ಹೊತ್ತಿಗೆ. ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರ ಈ ಬದಿಯಲ್ಲಿ ಮಕ್ಕಳ ಕಾಯಿಲೆ ನೋಡಿ ಊರಿನ ಡಾಕ್ಟರ್ ಮೋಹನ್ ಕುಮಾರ್ ಬರೆದ್ರು, ಪತ್ರಕರ್ತ ಶ್ರೀ ಪಡ್ರೆ ಬರೆದ್ರು, ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದ್ರು. ಅವರಿಗೆಲ್ಲ ಸಿಕ್ಕಿದ ಉತ್ತರ, ಮದ್ದು ಸುರಕ್ಷಿತ, ಜನರನ್ನ ಹೆದರಿಸಬೇಡಿ. ಸುಪ್ರೀಂ ಕೋರ್ಟ್ ದೇಶಕ್ಕೇ ಆ ಮದ್ದು ನಿಲ್ಲಿಸಿದ್ದು 2011ರ ಮೇ 13ಕ್ಕೆ. ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ ಅದೇ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ನಾವು ಫೋನಿನಲ್ಲಿ ಮಾತಾಡ್ತಿದ್ದ 2020ರಲ್ಲೂ ಹೆಚ್ಚಿನವರಿಗೆ ಅದು ಸಿಕ್ಕಿರ್ಲಿಲ್ಲ.

ಆ ಅಕ್ಕ ಹೇಳಿದ್ದು ಇಷ್ಟು. "ನಮ್ಮಲ್ಲಿ ದೊಡ್ಡವರೆಲ್ಲ ಸರ್ಕಾರದ ಮದ್ದಲ್ವಾ ಅಂತ ಸುಮ್ಮನಿದ್ರು. ಕೇಳಿದವರು ಮೊದ್ಲೇ ಇನ್ನೂ ನಾಲ್ಕು ಜನ ಇದ್ದಿದ್ರೆ ಕೆಲವು ಮಕ್ಕಳಾದ್ರೂ ಉಳೀತಿದ್ರು. ಹಾಗಂತ ಈಗ ಮಾಸ್ಕ್ ಹಾಕ್ಬೇಡಿ ಹೇಳುವವಳಲ್ಲ ನಾನು, ದಿನಾ ಮಾಸ್ಕ್ ಹೊಲಿಯುವವಳು ನಾನೇ."

ಅರ್ಜಿ ಬರಿಯೋದು ಅಂತ ಆಗ ತೀರ್ಮಾನ ಆಯ್ತು. ಬರೆಯುವ ಕೆಲಸ ನನಗೆ ಬಂತು, ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಮಲಯಾಳದ್ದನ್ನ ಅಂಗನವಾಡಿ ಟೀಚರ್ ಬರೆದ್ರು.

ಅರ್ಜಿಯ ಮೊದಲ ಭಾಗದಲ್ಲಿ ನಾವು ಒಪ್ಪುವ ಸಂಗತಿ ಬರೆದೆವು, ಅದೂ ಹೊಗಳಿಕೆ ಹಾಗೆ ಅಲ್ಲ, ನಾವೇ ಏನು ಮಾಡ್ತಿದ್ದೇವೆ ಅಂತ. ಈ ವಾರ್ಡಿನಲ್ಲಿ ಕ್ವಾರಂಟೈನ್ ಪಾಲಿಸ್ತಿದ್ದೇವೆ, ಯಾರೂ ಗುಂಪು ಸೇರೋದಿಲ್ಲ, ಮಸೀದಿಯಲ್ಲೂ ದೇವಸ್ಥಾನದಲ್ಲೂ ಎಲ್ಲ ನಿಲ್ಲಿಸಿದ್ದೇವೆ, ಮುಂದೆಯೂ ನಡೆಸಿಕೊಡ್ತೇವೆ. ಎರಡನೇ ಭಾಗದಲ್ಲಿ ಕರ್ನಾಟಕದ ಹೆದರಿಕೆಗೆ ಕಾರಣ ಉಂಟು ಅಂತಲೂ ಒಪ್ಪಿಕೊಂಡೆವು, ನಮ್ಮ ಜಿಲ್ಲೆಯಲ್ಲಿ ಕೇಸು ಜಾಸ್ತಿ, ದಕ್ಷಿಣ ಕನ್ನಡದಲ್ಲಿ ಕಮ್ಮಿ, ಅವರು ಜಾಗ್ರತೆ ಮಾಡೋದು ಸಹಜ. ಇದನ್ನ ಬರೀಬಾರದು ಅಂತ ಒಬ್ಬರು ತುಂಬಾ ಹಟ ಹಿಡಿದ್ರು, ಆದ್ರೆ ಅದು ಬರೆದದ್ದರಿಂದಲೇ ಮುಂದಿನ ಮಾತಿಗೆ ತೂಕ ಬಂತು ಅಂತ ನನ್ನ ಅಭಿಪ್ರಾಯ. ಗಡಿ ಪೂರ್ತಿ ತೆರೀರಿ ಅಂತ ನಾವು ಕೇಳ್ಲೇ ಇಲ್ಲ. ಕೇಳಿದ್ದು ಇಷ್ಟೇ, ಕೊರೊನಾ ಅಲ್ಲದ ತುರ್ತು ರೋಗಿಯನ್ನ, ಸರ್ಕಾರಿ ಡಾಕ್ಟರ ಸರ್ಟಿಫಿಕೇಟ್ ಇದ್ರೆ, ಒಬ್ಬರೇ ಜೊತೆಗಾರರೊಟ್ಟಿಗೆ ಆಂಬುಲೆನ್ಸಿನಲ್ಲಿ ಬಿಡಿ, ಗಡಿಯಲ್ಲಿ ನಿಮ್ಮದೇ ಡಾಕ್ಟರ್ ಪರೀಕ್ಷೆ ಮಾಡ್ಲಿ.

ಕೇರಳಕ್ಕೆ ಬರೆದ ಪ್ರತಿಯಲ್ಲಿ ಬೇರೆ ಬೇಡಿಕೆ. ಗಡಿ ತೆರೆಯುವ ವರೆಗೆ ಈ ತಾಲೂಕಿನ ಡಯಾಲಿಸಿಸ್ ರೋಗಿಗಳ ಪಟ್ಟಿ ಮಾಡಿ, ಯಾರಿಗೆ ಯಾವ ದಿನ ಎಲ್ಲಿ ಅಂತ ಬರವಣಿಗೆಯಲ್ಲಿ ಕೊಡಿ, ವಾಹನ ಕೊಡಿ, ದಾರಿಯಲ್ಲಿ ಪೊಲೀಸ್ ತಡೀಬಾರದು. ಮತ್ತೆ ಮನೆಮನೆಗೆ ಕೊಡುವ ನೋಟೀಸು ಕನ್ನಡದಲ್ಲೂ ಇರ್ಲಿ. ಕೊನೇದು ಆ ಹೊತ್ತಿಗೆ ಸಣ್ಣ ವಿಷಯ ಅಂತ ಕೆಲವರಿಗೆ ಕಂಡಿತು, ನನಗೆ ಕಾಣ್ಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಟ್ಟಿಗೆ ತಮ್ಮ ಭಾಷೆಯಲ್ಲಿ ವ್ಯವಹಾರ ಮಾಡುವ ಹಕ್ಕಿತ್ತು. ಮುಖ್ಯಮಂತ್ರಿ ಸಂಜೆ ಟಿವಿಯಲ್ಲಿ ಎಷ್ಟು ಚಂದ ವಿವರಿಸಿದ್ರೂ ಮೀಂಜ, ವರ್ಕಾಡಿಯ ಅಜ್ಜಿಗೆ ಮಲಯಾಳ ಓದ್ಲಿಕ್ಕೆ ಬರೋದಿಲ್ಲ, ಕೆಮ್ಮು ಜ್ವರ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತಾಗದಿದ್ರೆ ಅದು ರೋಗ ತಡೆಯುವ ಕೆಲಸಕ್ಕೇ ಅಡ್ಡಿ.

ಒಂದು ಅರ್ಜಿ ಒಂದು ಕಚೇರಿಗೆ, ಆ ಕಚೇರಿಯ ಕೈಯಲ್ಲಿ ಆಗುವ ಕೆಲಸ ಮಾತ್ರ ಅದರಲ್ಲಿ. ಜಿಲ್ಲಾಧಿಕಾರಿ ಕೈಯಲ್ಲಿ ಗಡಿ ತೆರೆಯುವ ಅಧಿಕಾರ ಇಲ್ಲ, ಡಯಾಲಿಸಿಸ್ ಪಟ್ಟಿ ಮಾಡಿಸುವ ಅಧಿಕಾರ ಉಂಟು. ಆಶಾ ಅಕ್ಕನ ಕೈಯಲ್ಲಿ ಎರಡೂ ಇಲ್ಲ, ಆದ್ರೆ ಜನರ ಸಿಟ್ಟು ಪೂರ್ತಿ ತಾಗುವುದು ಅವರಿಗೇ, ಯಾಕಂದ್ರೆ ಗೇಟಿನ ಹತ್ರ ಸಿಗುವವರು ಅವರೊಬ್ಬರೇ. ಸರ್ಕಾರ ಅಂದ್ರೆ ಒಂದೇ ಮುಖ ಅಂತ ತಿಳಿದು ಬೈದ್ರೆ ಏಟು ಬೀಳೋದು ಅತಿ ಕೆಳಗೆ, ಅತಿ ಕಮ್ಮಿ ಸಂಬಳಕ್ಕೆ ದುಡಿಯುವವರ ಮೇಲೆ, ಹಾಗೇ ಸರ್ಕಾರವನ್ನ ಇಡಿಯಾಗಿ ಹೊಗಳಿದ್ರೆ ಲಾಭ ಆಗೋದು ತಪ್ಪು ತೀರ್ಮಾನ ಮಾಡಿದ ಮೇಲಿನವರಿಗೆ. ಇದು ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ಕಾಣೋದು.

ಆದದ್ದೆಂತ? ತಾಲೂಕಿನಿಂದ ಫೋನ್ ಬಂತು, ಆ ಅಣ್ಣನಿಗೆ ಕಾಸರಗೋಡು ಬದಿಯಲ್ಲಿ ಒಂದು ಕಡೆ ರಾತ್ರಿ ಪಾಳಿಯಲ್ಲಿ ಡಯಾಲಿಸಿಸ್ ಸಿಕ್ಕಿತು, ಬದುಕಿದ್ರು. ಅರ್ಜಿಯಿಂದಲೇ ಆಯ್ತು ಅಂತ ನಾನು ಹೇಳೋದಿಲ್ಲ, ಅದೇ ಸಮಯಕ್ಕೆ ಎಷ್ಟೋ ಜನ ಎಷ್ಟೋ ಕಡೆಯಿಂದ ಒತ್ತಡ ಹಾಕ್ತಿದ್ರು. ಕರ್ನಾಟಕಕ್ಕೆ ಕಳಿಸಿದ್ದಕ್ಕೆ ಉತ್ತರವೇ ಬರ್ಲಿಲ್ಲ.

ಗಡಿ ವಿಷಯ ತೀರ್ಮಾನ ಆದದ್ದು ಕೋರ್ಟಿನಲ್ಲಿ. ಕೇರಳ ಹೈಕೋರ್ಟಿನ ವಕೀಲರ ಸಂಘ ಹಾಕಿದ ಅರ್ಜಿಯ ಮೇಲೆ ಏಪ್ರಿಲ್ 1ಕ್ಕೆ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು, ಹೆದ್ದಾರಿಯಲ್ಲಿ ಹಾಕಿದ ತಡೆ ತೆಗೆಸಿ, ತುರ್ತು ಚಿಕಿತ್ಸೆಗೆ ಹೋಗುವವರನ್ನ ಬಿಡಿಸಿ, ಇದು ಸಂವಿಧಾನ ಕೊಟ್ಟ ಜೀವದ ಹಕ್ಕು, ಸಂಚಾರದ ಹಕ್ಕು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯ್ತು, ನಮ್ಮ ಸಂಸದ ರಾಜಮೋಹನ್ ಉಣ್ಣಿತ್ತಾನ್ ಅವರೂ ಅಲ್ಲಿಗೆ ಹೋದ್ರು. ಏಪ್ರಿಲ್ 3ಕ್ಕೆ ಸುಪ್ರೀಂ ಕೋರ್ಟ್ ಎರಡು ರಾಜ್ಯದ ಮುಖ್ಯ ಕಾರ್ಯದರ್ಶಿಗಳನ್ನ ಕೂರಿಸಿ ಮಾತಾಡಿ ಅಂತ ಕೇಂದ್ರದ ಆರೋಗ್ಯ ಕಾರ್ಯದರ್ಶಿಗೆ ಹೇಳಿತು, ಏಪ್ರಿಲ್ 7ಕ್ಕೆ ರೋಗಿಗಳನ್ನ ಬಿಡುವ ಕ್ರಮದ ಬಗ್ಗೆ ಒಪ್ಪಂದ ಆಗಿದೆ ಅಂತ ಕೇಂದ್ರ ಹೇಳಿದ ಮೇಲೆ ಕೇಸು ಮುಗಿಸಿತು. ಮೊದಮೊದಲು ಅದರಿಂದ ಉಪಯೋಗ ಆದದ್ದು ಬೆರಳೆಣಿಕೆಯ ಜನಕ್ಕೆ. ರೋಗಿಯನ್ನ ಪರೀಕ್ಷೆ ಮಾಡಿ ಬಿಡುವ ಕ್ರಮ ಏಪ್ರಿಲಿನಲ್ಲಿ ಸಾಧ್ಯ ಆದದ್ದು ಮಾರ್ಚಿನಲ್ಲೂ ಸಾಧ್ಯ ಇತ್ತು, ಕೇಳುವವರು ಜಾಸ್ತಿ ಇದ್ದಿದ್ರೆ ನಡುವಿನ ಆ ದಿನಗಳಲ್ಲಿ ಹೋದ ಜೀವಗಳಲ್ಲಿ ಕೆಲವಾದ್ರೂ ಉಳೀತಿದ್ವು ಅಂತ ನಾನು ಗಟ್ಟಿಯಾಗಿ ನಂಬ್ತೇನೆ. "ಈಗ ಬೇಡ, ರೋಗ ಇಳಿದ ಮೇಲೆ ಕೇಳುವ" ಅನ್ನುವ ಮಾತಿಗೆ ನನ್ನ ಉತ್ತರ ಇದೇ. ಕಾದು ಕೇಳಿದ್ರೆ ಸಿಗೋದು ತನಿಖೆ, ಪರಿಹಾರ. ಡಯಾಲಿಸಿಸ್ ಸಿಗೋದಿಲ್ಲ.

ಎಲ್ಲವನ್ನೂ ಈಗ್ಲೇ ಹೀಗೇ ಕೇಳ್ಬೇಕಾ ಅಂದ್ರೆ ಅಲ್ಲ. ಅದೇ ದಿನಗಳಲ್ಲಿ ಗಲ್ಫಿನಿಂದ ಬಂದವರ ಹೆಸರು, ಮನೆ, ಯಾವ ಬಸ್ಸಿನಲ್ಲಿ ಹೋದ್ರು ಅನ್ನುವುದೆಲ್ಲ ವಾಟ್ಸಾಪಿನಲ್ಲಿ ಹರಿದಾಡ್ಲಿಕ್ಕೆ ಶುರುವಾಯ್ತು. ಒಂದು ಮನೆಯ ಹುಡುಗ ನೆಗೆಟಿವ್ ಬಂದ ಮೇಲೂ ಅವರ ಮನೆಗೆ ಹಾಲು ಹಾಕ್ಲಿಕ್ಕೆ ಯಾರೂ ಬರ್ಲಿಲ್ಲ. ಸಮಿತಿಯಲ್ಲಿ ಇದನ್ನೂ ಬರೆದು ಎಲ್ಲ ಕಡೆ ಕಳಿಸುವ ಅಂದ್ರು, ನಾನೂ ಆಶಾ ಅಕ್ಕನೂ ಬೇಡ ಅಂದೆವು, ಯಾಕಂದ್ರೆ ಅದನ್ನ ದೊಡ್ಡದಾಗಿ ಬರೆದ್ರೆ ಆ ಮನೆಯ ಹೆಸರು ಇನ್ನೂ ನಾಲ್ಕು ಊರಿಗೆ ಹೋಗ್ತದೆ. ಅದನ್ನ ಹೆಲ್ತ್ ಇನ್ಸ್‌ಪೆಕ್ಟರಿಗೆ ಫೋನಿನಲ್ಲೇ ಹೇಳಿದೆವು, ನಮ್ಮ ಗ್ರೂಪಿನಲ್ಲಿ ಅಂಥ ಮೆಸೇಜು ಹಾಕಿದವರನ್ನ ನಾವೇ ಮಾತಾಡಿಸಿದೆವು, ಹಾಲು ನಾವೇ ಕೊಂಡುಹೋಗಿ ಕೊಟ್ಟೆವು. ಡಯಾಲಿಸಿಸ್ ವಿಷಯದಲ್ಲಿ ಎಲ್ಲರಿಗೂ ಗೊತ್ತಾದಷ್ಟು ರೋಗಿಗೆ ಒಳ್ಳೇದಿತ್ತು, ಇಲ್ಲಿ ಗೊತ್ತಾದಷ್ಟು ಕೆಟ್ಟದಿತ್ತು.

ಉಕ್ಕಿನಡ್ಕದ್ದು ಇನ್ನೊಂದು ಕತೆ, ಬೆಂಬಲ ಟೀಕೆ ಎರಡೂ ಒಂದೇ ಕಟ್ಟಡಕ್ಕೆ ಸಲ್ತದೆ. ಕಾಸರಗೋಡು ಮೆಡಿಕಲ್ ಕಾಲೇಜಿಗೆ ಅಲ್ಲಿ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ, 2020 ಆದ್ರೂ ಆಸ್ಪತ್ರೆ ಬ್ಲಾಕ್ ಮುಗೀಲಿಲ್ಲ. ಕೊರೊನಾ ಬಂದದ್ದೇ, ಕೆಲವೇ ದಿನಗಳಲ್ಲಿ ಅಲ್ಲಿನ ಅಕಾಡೆಮಿಕ್ ಬ್ಲಾಕನ್ನ ಕೋವಿಡ್ ಆಸ್ಪತ್ರೆ ಮಾಡಿ ಏಪ್ರಿಲ್ 6ಕ್ಕೆ ತೆರೆದ್ರು, ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ ಡಾಕ್ಟರು ನರ್ಸುಗಳ ತಂಡ ಇಡೀ ರಾಜ್ಯ ದಾಟಿ ಬಂದು ಕೆಲಸ ಮಾಡಿತು. ಮೇ ತಿಂಗಳಿಗೆ ಜಿಲ್ಲೆಯಲ್ಲಿ ಆ ಅಲೆಯ ರೋಗಿಗಳೆಲ್ಲ ಗುಣವಾಗಿ ಮನೆಗೆ ಹೋದ್ರು, ಅದನ್ನ ಮಾಡಿದವರಿಗೆ ನಾನು ಈಗಲೂ ಕೈ ಮುಗೀತೇನೆ. ಅಷ್ಟು ಬೇಗ ಆಗುವ ಕೆಲಸ ಅಷ್ಟು ವರ್ಷ ಯಾಕೆ ಆಗ್ಲಿಲ್ಲ ಅಂತ ಕೇಳಿದ್ರೆ ಆ ಕೈ ಮುಗಿದದ್ದು ಸುಳ್ಳಾಗೋದಿಲ್ಲ. ತೆಕ್ಕಿಲಿನಲ್ಲಿ ಟಾಟಾದವರು ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆಯದ್ದೂ ಹೀಗೇ, ಸೆಪ್ಟೆಂಬರಿನಲ್ಲಿ ಸರ್ಕಾರದ ಕೈಗೆ ಬಂತು, ಸಿಬ್ಬಂದಿ ಕೊಡಿ ಅಂತ ಜನ ಗಲಾಟೆ ಮಾಡ್ಬೇಕಾಯ್ತು, ರೋಗಿಗಳನ್ನ ಸೇರಿಸಿಕೊಳ್ಳಲಿಕ್ಕೆ ಶುರುವಾದದ್ದು ಅಕ್ಟೋಬರ್ ಕೊನೆಗೆ.

ಮುಂದಿನ ವರ್ಷ ಮತ್ತೆ ಪರೀಕ್ಷೆ ಬಂತು. 2021ರ ಆಗಸ್ಟಿನಲ್ಲಿ ಕರ್ನಾಟಕ, ಲಸಿಕೆ ಹಾಕಿಸ್ಕೊಂಡವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂತ ಮಾಡಿತು, ದಿನಾ ಮಂಗಳೂರಿಗೆ ಹೋಗಿ ಬರುವ ಕಾಲೇಜು ಮಕ್ಕಳು, ಕೆಲಸದವರು ಮತ್ತೆ ಮತ್ತೆ ಮೂಗಿಗೆ ಕಡ್ಡಿ ಹಾಕಿಸ್ಕೊಳ್ಬೇಕಿತ್ತು. ಈ ಸಲ ನಮ್ಮಲ್ಲಿ ಯಾರೂ ಕನ್ನಡದವರಾಗಿ ಹೇಗೆ ಕೇಳೋದು ಅನ್ಲಿಲ್ಲ. ಟೆಸ್ಟ್ ಬೇಡ ಅಂತಲೂ ಹೇಳ್ಲಿಲ್ಲ, ಗಡಿಯಲ್ಲೇ ಉಚಿತ ಟೆಸ್ಟ್ ಇಡಿ, ಪರೀಕ್ಷೆ ಇರುವ ಮಕ್ಕಳಿಗೆ ಹಾಲ್ ಟಿಕೆಟ್ ನೋಡಿ ಬಿಡಿ ಅಂತ ಕೇಳಿದೆವು. ಅದೇ ವರ್ಷ ಕೇರಳದ ಕೋವಿಡ್ ಸಾವಿನ ಲೆಕ್ಕದ ಬಗ್ಗೆಯೂ ಪ್ರಶ್ನೆ ಎದ್ದಿತ್ತು, ಲೆಕ್ಕ ಕೇಳಿದವರನ್ನ ಕೇರಳದ ಹೆಸರು ಹಾಳು ಮಾಡುವವರು ಅಂತ ಕೆಲವರು ಹೇಳಿದ್ರು. ಸುಪ್ರೀಂ ಕೋರ್ಟಿನಲ್ಲಿ ಪರಿಹಾರದ ತೀರ್ಮಾನ ಆದ ಮೇಲೆ, ಮೊದಲು ಬಿಟ್ಟುಹೋಗಿದ್ದ ಸಾವಿರಾರು ಸಾವುಗಳನ್ನ ಅಕ್ಟೋಬರಿನಿಂದ ಕೇರಳವೇ ಪಟ್ಟಿಗೆ ಸೇರಿಸಿತು, ಆ ಮನೆಗಳಿಗೆ 50,000 ರೂಪಾಯಿಗೆ ಅರ್ಜಿ ಹಾಕುವ ದಾರಿ ಆಯ್ತು. ನಮ್ಮ ವಾರ್ಡಿನಲ್ಲೂ ಅಂಥ ಮನೆ ಉಂಟು. ಲೆಕ್ಕ ಕೇಳಿದ ಡಾಕ್ಟರುಗಳು ಸುಮ್ಮನಿದ್ದಿದ್ರೆ ಆ ಮನೆಯ ಹೆಂಗಸಿಗೆ ಅಷ್ಟೂ ಸಿಗ್ತಿರ್ಲಿಲ್ಲ.

ಆ ಸಮಿತಿ ಈಗ ಇಲ್ಲ, ಆದ್ರೆ ಅರ್ಜಿ ಬರೆದ ನಮ್ಮಲ್ಲಿ ಹೆಚ್ಚಿನವರು ಇನ್ನೂ ಒಟ್ಟಿಗೇ ಇದ್ದೇವೆ. ಎಂಡೋಸಲ್ಫಾನ್ ಪರಿಹಾರ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಕೇರಳವನ್ನ ತರಾಟೆಗೆ ತೆಗೆದುಕೊಂಡ ಮೇಲೆ ಮುಂದಕ್ಕೆ ಹೋಯ್ತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂತು, ಕಲ್ಲು ಹಾಕಿ ಹನ್ನೆರಡು ವರ್ಷಕ್ಕೆ. ಅದು ಬಂದ ದಿನ ನಮಗೆಲ್ಲ ನಿಜವಾಗಿ ಖುಷಿ ಆಯ್ತು, ಮಂತ್ರಿಗಳಿಗೆ ಥ್ಯಾಂಕ್ಸ್ ಹೇಳಿ ಪತ್ರ ಬರೆದೆವು. ಅದೇ ಪತ್ರದಲ್ಲಿ ಕೇಳಿದ್ದೂ ಉಂಟು: ಮಂಜೇಶ್ವರ ತಾಲೂಕಿನೊಳಗೆ ಡಯಾಲಿಸಿಸ್ ಮೆಷಿನ್ ಹೆಚ್ಚು ಮಾಡಿ, ರಾತ್ರಿ ಪಾಳಿಗೆ ಟೆಕ್ನಿಷಿಯನ್ ಕೊಡಿ, ಮತ್ತೆ ತಲಪಾಡಿಯಲ್ಲಿ ರೋಗಿಗಳನ್ನ ಬಿಡುವ ಕ್ರಮವನ್ನ ಎರಡು ರಾಜ್ಯ ಸೇರಿ ಈಗ್ಲೇ, ರೋಗ ಇಲ್ಲದ ಹೊತ್ತಿನಲ್ಲೇ, ಬರೆದು ಸಹಿ ಹಾಕಿ ಇಡಿ.